ಮೂರನೆಯ ಮಹಡಿಯವಳ ಮುಖ

ಅಂಟನ್ನು ಅಷ್ಟು ಚೆನ್ನಾಗಿ ಕಲಸಬಾರದಿತ್ತು ಎಂದು ರಂಗೆಲನಿಗೆ ಅನ್ನಿಸಿದ್ದು ಬೆಳಗಿನ ಒಂಬತ್ತೂ ಕಾಲಿಗೆ, ಬೇಕರಿಯ ಗೋಡೆಯ ಮುಂದೆ ಏಳನೆಯ ಹಾಳೆಯನ್ನು ಕೆರೆಯುತ್ತಿದ್ದಾಗ. ಪ್ಲೋವ್ದಿವ್‌ನಲ್ಲಿ ಸಾವಿನ ಹಾಳೆ ಹಚ್ಚುವವರು ಯಾರೂ ಅಂಟು ಕಲಸುವ ಗೋಜಿಗೆ ಹೋಗುವುದಿಲ್ಲ. ನಾಲ್ಕು ಮೂಲೆಗೆ ನಾಲ್ಕು ಚೂರು ಟೇಪು ಹಚ್ಚಿ ಕೈ ತೊಳೆದುಕೊಳ್ಳುತ್ತಾರೆ. ಮಳೆ ಬಂದರೆ ಉದುರುತ್ತದೆ, ಗಾಳಿ ಬಂದರೆ ಹಾರಿಹೋಗುತ್ತದೆ, ತೀರಿಕೊಂಡವರ ಮುಖ ಬಸ್ ನಿಲ್ದಾಣದ ಕೆಸರಿನಲ್ಲಿ ಅಂಗಾತ ಬಿದ್ದಿರುತ್ತದೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ರಂಗೆಲ್ ಅಂಥವರ ಪೈಕಿಯಲ್ಲ. ಮೂವತ್ತೇಳು ವರ್ಷ ಈ ನಗರದ ಮೋಜಣಿ ಕಚೇರಿಯಲ್ಲಿ ದುಡಿದು ನಿವೃತ್ತನಾದವನು. ಗೋಡೆಗೆ ಕಾಗದ ಅಂಟಿಸುವ ಗಟ್ಟಿ ಅಂಟನ್ನು ಬಕೆಟ್ಟಿನಲ್ಲಿ ಒಂದು ಗಂಟೂ ಇಲ್ಲದಂತೆ ಕಲಸಿ, ಬ್ರಷ್ಷಿನಿಂದ ಬಳಿದು, ಪ್ರತಿ ಹಾಳೆಯ ಮೇಲಂಚಿಗೂ ರಸಮಟ್ಟ ಹಿಡಿದು, ಗುಳ್ಳೆ ಸರಿಯಾಗಿ ನಡುವೆ ನಿಂತ ಮೇಲೆಯೇ ಒತ್ತಿ ಸವರಿದ್ದ. ಹೀಗೆ ಮೂವತ್ತೆರಡು ಹಾಳೆ, ಮೊನ್ನೆ ಗುರುವಾರ ಇಡೀ ದಿನ. ಈಗ ಅದೇ ಕೈಯಲ್ಲಿ ಅದೇ ಬಕೆಟ್ಟು, ಬಣ್ಣ ಕೆರೆಯುವ ತಗಡಿನ ಪಟ್ಟಿ ಹಿಡಿದುಕೊಂಡು ಒಂದೊಂದನ್ನೂ ಕಿತ್ತು ತೆಗೆಯಬೇಕಾಗಿತ್ತು. ಹನ್ನೊಂದು ಗಂಟೆಯ ಒಳಗೆ. ತನ್ನ ಅಚ್ಚುಕಟ್ಟುತನದ ಮೇಲೆ ಜೀವಮಾನದಲ್ಲಿ ಮೊದಲ ಸಲ ಅವನಿಗೆ ರೇಜಿಗೆ ಹುಟ್ಟಿತು.

ಹಾಳೆಯ ಮೇಲೆ ಕಪ್ಪು ಅಂಚು, ಒಂದು ಶಿಲುಬೆ, ಫೋಟೋ. ಅದರ ಕೆಳಗೆ ಸೆವ್ದಾಳ ಹೆಸರು, ಅವಳು ತೀರಿಕೊಂಡು ನಲವತ್ತು ದಿನವಾಯಿತೆಂಬ ಮಾತು, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ದೇವಮಾತೆಯ ಚರ್ಚಿನಲ್ಲಿ ಪ್ರಾರ್ಥನೆ ಎಂಬ ಸೂಚನೆ. ತೀರ ಕೊನೆಗೆ: ಅಕ್ಕ ತಿನ್ಕಾ ಮತ್ತು ನೆರೆಹೊರೆಯವರು. ಸೆವ್ದಾ ಮೂರನೆಯ ಮಹಡಿಯವಳು, ರಂಗೆಲ್ ನಾಲ್ಕನೆಯ ಮಹಡಿಯವನು. ಮಹಡಿಗೊಂದೇ ಮನೆ ಇರುವ ಹಳೆಯ ಕಟ್ಟಡ, ಲಿಫ್ಟಿಲ್ಲ. ಅವಳ ಚಾವಣಿಯೇ ಇವನ ನೆಲ. ಮೂವತ್ತೊಂದು ವರ್ಷ. ಹಾಳೆ ಅಂಟಿಸುವ ಕೆಲಸ ಇವನ ಪಾಲಿಗೆ ಬಂದದ್ದು ಇವನು ಕಟ್ಟಡದ ಉಸ್ತುವಾರಿಯಾದ್ದರಿಂದ, ಉಸ್ತುವಾರಿಯಾದದ್ದು ಪ್ರತಿ ವರ್ಷದ ಸಭೆಯಲ್ಲಿ ಬೇರೆ ಯಾರೂ ಕೈ ಎತ್ತದ್ದರಿಂದ. ತಿನ್ಕಾ ನದಿಯ ಆಚೆಗಿನ ಬಡಾವಣೆಯಲ್ಲಿರುವ ಮುದುಕಿ, ಕಾಲು ಸರಿಯಿಲ್ಲ. ಒಂದು ಲಕೋಟೆಯಲ್ಲಿ ಮೂರು ಫೋಟೋ ಹಾಕಿ, 'ಚೆನ್ನಾಗಿರೋದು ನೀವೇ ಆರಿಸಿ' ಎಂದು ಚೀಟಿ ಬರೆದು ಯಾರದೋ ಕೈಯಲ್ಲಿ ಕಳಿಸಿದ್ದಳು. ಒಂದರಲ್ಲಿ ಇಬ್ಬರು ಹುಡುಗಿಯರು ಕುರಿಮರಿ ಹಿಡಿದುಕೊಂಡು ನಿಂತಿದ್ದರು. ಇನ್ನೊಂದರಲ್ಲಿ ಬೆಳಕು ಹಿಂದಿನಿಂದ ಬಿದ್ದು ಮುಖವೇ ಕಾಣುತ್ತಿರಲಿಲ್ಲ. ಮೂರನೆಯದು ಸ್ಪಷ್ಟವಾಗಿತ್ತು: ನರಿದೊಗಲಿನ ಕಾಲರ್ ಇದ್ದ ಕೋಟು ತೊಟ್ಟ, ತುಟಿ ಬಿಗಿಹಿಡಿದ, ಅರವತ್ತು ದಾಟಿದ ಹೆಂಗಸು. ಅಂಚು ನೇರವಾಗಿತ್ತು, ಬೆಳಕು ಸಮನಾಗಿತ್ತು. ರಂಗೆಲ್ ಅದನ್ನು ಆರಿಸಿದ್ದು ಆ ಕಾರಣಕ್ಕೆ. ಈಗ ಬೇಕರಿಯ ಗೋಡೆಗೆ ನೀರು ಚಿಮುಕಿಸಿ ಪಟ್ಟಿ ಒತ್ತುತ್ತ, ಗದ್ದದಿಂದ ಕೆಳಗೆ ಕಾಲರ್ ಸಮೇತ ಕಿತ್ತು ಬಂದು ಮೇಲಿನ ಅರ್ಧ ಮುಖ ಗೋಡೆಯಲ್ಲೇ ಉಳಿದಾಗ, ಆ ಕಾರಣ ಎಷ್ಟು ನಾಚಿಕೆಗೇಡಿನದು ಎಂದು ಹೊಳೆದು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹಿಂದೆ ತಿರುಗಿದ. ಬೇಕರಿಯವಳು ಗಾಜಿನ ಒಳಗಿನಿಂದ ನೋಡುತ್ತಿದ್ದಳು. ಅವಳಿಗೆ ತಲೆಯಾಡಿಸಿ ನಮಸ್ಕಾರದ ಹಾಗೆ ಏನೋ ಮಾಡಿ ಮತ್ತೆ ಕೆರೆಯತೊಡಗಿದ.

ಅವತ್ತು ಬೆಳಿಗ್ಗೆ ಎಂಟು ಗಂಟೆಗೆ ಅವನು ಕಸ ಹಾಕಲು ಕೆಳಗಿಳಿದಾಗ ಮೊದಲ ಮಹಡಿಯ ದೋನ್ಕಾ ಮುಂಬಾಗಿಲ ಹಾಳೆಯ ಮುಂದೆ ಸೊಂಟಕ್ಕೆ ಕೈಕೊಟ್ಟುಕೊಂಡು ನಿಂತಿದ್ದಳು. ಎರಡು ದಿನದಿಂದ ಅದೇ ಬಾಗಿಲಲ್ಲಿ ಓಡಾಡಿದವಳು ಅವತ್ತೇ ಕನ್ನಡಕ ಹಾಕಿಕೊಂಡು ಬಂದಿದ್ದಳು.

"ರಂಗೆಲಣ್ಣ, ಇದೇನು ಮಾಡಿಟ್ಟಿದ್ದೀರಿ?"

"ಏನು ಮಾಡಿದೆ?"

"ಇದು ತಿನ್ಕಾ ಅಲ್ವಾ?"

"ಯಾವ ತಿನ್ಕಾ?"

"ಇನ್ಯಾವ ತಿನ್ಕಾ, ಸೆವ್ದಾಳ ಅಕ್ಕ. ಬದುಕಿರೋಳು. ಆ ಕೋಟು ನನಗೆ ಗೊತ್ತಾಗಲ್ವಾ? ಹೋದ ಈಸ್ಟರ್‌ಗೂ ಅದನ್ನೇ ಹಾಕ್ಕೊಂಡು ಬಂದಿದ್ರು. ಸೆವ್ದಾ ಹತ್ರ ಅಂಥ ಕೋಟು ಎಲ್ಲಿತ್ತು, ಪಾಪ."

ರಂಗೆಲ್ ಹಾಳೆಯನ್ನು ನೋಡಿದ. ಆ ಮುಖ ತಾನಾಗಿ ಏನಾದರೂ ಹೇಳೀತು ಎಂದು ಕಾದ. ಅದು ಏನೂ ಹೇಳಲಿಲ್ಲ. ಗುರುವಾರದಿಂದ ಮೂವತ್ತೆರಡು ಸಲ ಅಂಗೈಯಲ್ಲಿ ಸವರಿದ ಮುಖ. ಸೆವ್ದಾ ಎಂದರೆ ಸೆವ್ದಾ ಎನ್ನಿಸಿತ್ತು, ಈಗ ತಿನ್ಕಾ ಎಂದರೆ ತಿನ್ಕಾ ಎನ್ನಿಸುತ್ತಿತ್ತು. ಅಲ್ಲ ಎಂದು ಹೇಳಲು ಬಾಯಿ ತೆರೆದ, ಆದರೆ ಆ 'ಅಲ್ಲ'ಕ್ಕೆ ಆಧಾರ ಬೇಕಲ್ಲ. ಸೆವ್ದಾಳ ಮೂಗು ಉದ್ದವೋ ಮೊಂಡೋ? ಕಣ್ಣು ಯಾವ ಬಣ್ಣ? ಮೂವತ್ತೊಂದು ವರ್ಷ ಒಂದೇ ಮೆಟ್ಟಿಲು ತುಳಿದವಳ ಬಗ್ಗೆ ಅವನ ಹತ್ತಿರ ಒಂದು ಸಾಕ್ಷಿಯೂ ಇರಲಿಲ್ಲ.

"ಬದುಕಿರೋರನ್ನ ಸಾವಿನ ಹಾಳೆ ಮೇಲೆ ಹಾಕಿದ್ರೆ ಆ ವರ್ಷ ದಾಟಲ್ಲ ಅಂತಾರೆ," ಎಂದಳು ದೋನ್ಕಾ. "ನಾನಂತೂ ನಂಬಲ್ಲ. ಆದ್ರೆ ಆ ಮುದುಕಿ ನಂಬ್ತಾಳೆ. ಬಸ್ ಇಳಿದು ಚರ್ಚಿಗೆ ನಡ್ಕೊಂಡು ಬರ್ತಾ ಗೋಡೆಗೋಡೆ ಮೇಲೂ ತನ್ನನ್ನೇ ನೋಡಿದ್ರೆ ಅಲ್ಲೇ ಎದೆ ಒಡ್ಕೊಂಡು ಬೀಳ್ತಾಳೆ. ಮತ್ತೆ ಇನ್ನೊಂದು ಹಾಳೆ ಮಾಡಿಸ್ಬೇಕಾಗುತ್ತೆ ನೀವು."

ಹೇಳಿ ಅವಳು ಬ್ರೆಡ್ಡು ತರಲು ಹೋದಳು. ಹೇಳುವವರು ಹೀಗೇ, ಹೇಳಿ ಬ್ರೆಡ್ಡು ತರಲು ಹೋಗುತ್ತಾರೆ. ಒಂದು ಫೋನು ಮಾಡಿದ್ದರೆ ಎಲ್ಲವೂ ಮುಗಿಯುತ್ತಿತ್ತು, ಅದು ರಂಗೆಲನಿಗೂ ಗೊತ್ತಿತ್ತು. ಫೋನನ್ನು ಕೈಗೆತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತೂ ಇದ್ದ. ಆದರೆ ಏನೆಂದು ಕೇಳುವುದು? ತಿನ್ಕಾ, ನರಿದೊಗಲಿನ ಕಾಲರ್ ಹಾಕಿಕೊಂಡಿರುವುದು ನೀವೋ, ಸತ್ತುಹೋದ ನಿಮ್ಮ ತಂಗಿಯೋ? ನಾನು ಅವರ ನೆತ್ತಿಯ ಮೇಲೆ ಮೂವತ್ತೊಂದು ವರ್ಷ ವಾಸವಿದ್ದವನು, ನನಗೆ ಗುರುತು ಸಿಗುತ್ತಿಲ್ಲ. ಈ ಮಾತನ್ನು ಮನಸ್ಸಿನಲ್ಲಿ ಒಮ್ಮೆ ಆಡಿ ನೋಡಿದ, ಕಿವಿ ಬಿಸಿಯಾಯಿತು. ಇಡೀ ನಗರ ಕೆರೆದರೂ ಸರಿ, ಆ ಪ್ರಶ್ನೆ ಮಾತ್ರ ಕೇಳಲಾರೆ ಎಂದುಕೊಂಡು ಬಕೆಟ್ಟು ತರಲು ಮೇಲಕ್ಕೆ ಹೋದ. ಮುಂಬಾಗಿಲಿನದು ಬರಲು ಹನ್ನೊಂದು ನಿಮಿಷ ಹಿಡಿಯಿತು.

ಶನಿವಾರ, ಅಕ್ಟೋಬರ್ ಕೊನೆ, ಎಳೆಬಿಸಿಲು. ಇಂಥ ದಿನ ಈ ಊರಿನ ಜನಕ್ಕೆ ಮನೆಯೊಳಗೆ ಕೂತರೆ ಪಾಪ ಬರುತ್ತದೇನೋ, ಎಲ್ಲರೂ ಮುಖ್ಯಬೀದಿಗೆ ಇಳಿದು ಒಂದು ತುದಿಯಿಂದ ಇನ್ನೊಂದು ತುದಿಗೆ, ಅಲ್ಲಿಂದ ಮತ್ತೆ ಈ ತುದಿಗೆ ಅಡ್ಡಾಡುತ್ತಾರೆ. ಯಾವ ಕೆಲಸವೂ ಇಲ್ಲದೆ, ಕೆಲಸವಿಲ್ಲದ್ದರ ಬಗ್ಗೆ ನಾಚಿಕೆಯೂ ಇಲ್ಲದೆ. ಅದಕ್ಕೊಂದು ಹೆಸರು ಬೇರೆ ಇಟ್ಟುಕೊಂಡಿದ್ದಾರೆ, ಐಲ್ಯಾಕ್ ಅಂತ. ರಾಜಧಾನಿ ಸೋಫಿಯಾದವರು ನಮ್ಮನ್ನು ಸೋಮಾರಿಗಳು ಎನ್ನುತ್ತಾರೆ, ನಾವು ಐಲ್ಯಾಕ್ ಎನ್ನುತ್ತೇವೆ, ಅಷ್ಟೇ ವ್ಯತ್ಯಾಸ. ಎಪ್ಪತ್ತರ ಹತ್ತಿರ ಬಂದರೂ ರಂಗೆಲನಿಗೆ ಅದು ಮೈಗೆ ಹತ್ತಿರಲಿಲ್ಲ. ಅವನು ಬೀದಿಯಲ್ಲಿ ನಡೆಯುವುದು ಅಳೆಯುವವನ ಹಾಗೆ; ಯಾವ ಕಲ್ಲು ಎಷ್ಟು ಕುಸಿದಿದೆ, ಯಾವ ಚರಂಡಿಯ ಇಳುಕಲು ಸಾಲದು ಎಂದು ನೋಡಿಕೊಂಡು. ಅವತ್ತು ಎದುರಿಗೆ ಬಂದವರೆಲ್ಲ ತೋಳಿಗೆ ತೋಳು ಹೆಣೆದು, ಬೀದಿಯ ಅಗಲಕ್ಕೆ ಹರಡಿಕೊಂಡು, ಐಸ್‌ಕ್ರೀಮು ನೆಕ್ಕುತ್ತ, ಅಂಗಡಿಯ ಗಾಜಿನಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತ ಬರುತ್ತಿದ್ದರು. ಅವರ ನಡುವೆ ಬಕೆಟ್ಟು ಹಿಡಿದು ಬಿರಬಿರನೆ ಸಾಗುವವನು ಅವನೊಬ್ಬನೇ. ಬಕೆಟ್ಟಿನ ನೀರು ಪ್ಯಾಂಟಿನ ಮೇಲೆ ತುಳುಕಿ ಬಲಗಾಲು ಮೊಣಕಾಲವರೆಗೆ ಒದ್ದೆಯಾಗಿತ್ತು.

ಒಂಬತ್ತನೆಯದು ಕಪಾನಾ ಪೇಟೆಯ ಓಣಿಯಲ್ಲಿ, ಸೆವ್ದಾ ಇಪ್ಪತ್ತಾರು ವರ್ಷ ಗುಂಡಿ ಮತ್ತು ದಾರ ಮಾರಿದ ಅಂಗಡಿಯ ಗೋಡೆಗೆ ಅಂಟಿಸಿದ್ದ. ಈಗ ಅದು ಕಾಫಿ ಅಂಗಡಿ; ಇಟ್ಟಿಗೆ ಕಾಣುವಂತೆ ಗಾರೆ ಕೆತ್ತಿಸಿ, ಅದಕ್ಕೇ ಹೆಚ್ಚು ದುಡ್ಡು ಕೊಟ್ಟಿದ್ದಾರೆ. ಅಲ್ಲಿಗೆ ಹೋದರೆ ಹಾಳೆಯ ಕೆಳಗೆ ಕುರ್ಚಿಯ ಮೇಲೆ ಒಂದು ಗಾಜಿನ ಲೋಟ, ಅದರಲ್ಲಿ ಎರಡು ಸೇವಂತಿಗೆ. ಅಂಗಡಿಯ ಒಡತಿ, ಮುಂಗೈ ತುಂಬ ಹಚ್ಚೆ ಹಾಕಿಸಿಕೊಂಡ ನಲವತ್ತರ ಹೆಂಗಸು, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಯಾಕೆ ತೆಗೀತಿದ್ದೀರಿ? ಇವತ್ತೇ ಅಲ್ವಾ ನಲವತ್ತನೇ ದಿನ?"

"ಫೋಟೋ ತಪ್ಪಾಗಿದೆ."

"ತಪ್ಪಾ?" ಅವಳು ಬಗ್ಗಿ ನೋಡಿದಳು. "ಇದು ಸೆವ್ದಾ ಆಂಟಿನೇ ಅಲ್ವಾ? ಚಿಕ್ಕವಳಿದ್ದಾಗ ಅಮ್ಮನ ಜೊತೆ ಇಲ್ಲಿಗೇ ಬರ್ತಿದ್ದೆ. ಗುಂಡಿ ಆರಿಸೋವಾಗ ಹೀಗೇ ತುಟಿ ಬಿಗಿ ಹಿಡಿಯೋರು."

"ಅಲ್ಲ. ಇದು ಅವರ ಅಕ್ಕ."

"ನನಗೆ ಅವರ ಥರಾನೇ ಕಾಣುತ್ತಪ್ಪ."

"ನೋಡಮ್ಮ," ಎಂದ ರಂಗೆಲ್, ತನಗೇ ಇಷ್ಟವಾಗದ ದನಿಯಲ್ಲಿ, "ನಾನು ಅವರ ಮೇಲಿನ ಮನೆಯವನು. ಮೂವತ್ತೊಂದು ವರ್ಷದಿಂದ. ನನಗೆ ಗೊತ್ತಿಲ್ವಾ?"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಹೂವಿನ ಲೋಟವನ್ನು ಎತ್ತಿಕೊಂಡು, ಕುರ್ಚಿ ಸರಿಸಿ, ಅವನಿಗೆ ಜಾಗ ಮಾಡಿಕೊಟ್ಟಳು. ಆ ಮರ್ಯಾದೆ ಅವನನ್ನು ಚುಚ್ಚಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೆರೆಯುವಾಗ ಬಿಗಿಹಿಡಿದ ಆ ತುಟಿಗಳ ಮೇಲೆ ಪಟ್ಟಿ ಓಡಿತು, ರಂಗೆಲ್ ಕಣ್ಣು ಬೇರೆ ಕಡೆ ಹೊರಳಿಸಿದ. ಮೆಟ್ಟಿಲ ಮೇಲೂ ಅವನು ಹೀಗೇ ಮಾಡುತ್ತಿದ್ದುದು. ಎಂಟು ವರ್ಷದ ಹಿಂದೆ ಒಂದು ಸೆಪ್ಟೆಂಬರ್, ಅವಳು ಬಾಲ್ಕನಿಯಲ್ಲಿ ಕೆಂಪು ದಪ್ಪಮೆಣಸಿನಕಾಯಿ ಸುಡುತ್ತಿದ್ದಳು. ಊರಿಗೆ ಊರೇ ಸುಡುತ್ತದೆ ಆ ತಿಂಗಳು, ಚಳಿಗಾಲದ ಚಟ್ನಿಗೆ. ಹೊಗೆ ಮೇಲೆ ಬಂದು ಇವನು ಒಣಹಾಕಿದ್ದ ಅಂಗಿಗಳಿಗೆಲ್ಲ ಹಿಡಿಯಿತು. ಹೆಂಡತಿ ತೀರಿಕೊಂಡ ಮೊದಲ ವರ್ಷ, ಅಂಗಿ ಒಗೆಯುವುದನ್ನು ಆಗಷ್ಟೇ ಕಲಿತಿದ್ದ. ಕೆಳಗಿಳಿದು ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ, ನಗರಪಾಲಿಕೆಗೆ ಅರ್ಜಿ ಬರೆದ. ಎರಡು ಪುಟ, ಗಾಳಿಯ ದಿಕ್ಕು ತೋರಿಸುವ ನಕ್ಷೆ ಸಮೇತ. ತಪಾಸಣೆಯವನು ಬಂದು ಅವಳ ಬಾಗಿಲು ತಟ್ಟಿದ ದಿನ ರಂಗೆಲ್ ಮೇಲಿನ ಮೆಟ್ಟಿಲಲ್ಲಿ ನಿಂತು ಕೇಳಿಸಿಕೊಂಡ. ಅವಳು ಜಗಳವಾಡಲಿಲ್ಲ. "ಬಂದು ನನಗೇ ಹೇಳ್ಬಹುದಿತ್ತಲ್ಲ," ಎಂದಳು, ಅಷ್ಟೇ. ಅಂದಿನಿಂದ ಮೆಟ್ಟಿಲಲ್ಲಿ ಎದುರಾದರೆ ಅವನು ಮೆಟ್ಟಿಲ ಕಂಬಿಯ ತುಕ್ಕನ್ನು ಪರೀಕ್ಷಿಸುವವನ ಹಾಗೆ ತಲೆ ತಗ್ಗಿಸುತ್ತಿದ್ದ. ಒಳ್ಳೆಯ ದಿನ ಎಂದು ಅವಳು ಹೇಳಿದರೆ ಕಂಬಿಗೇ ಒಳ್ಳೆಯ ದಿನ ಎಂದು ಉತ್ತರ ಕೊಡುತ್ತಿದ್ದ. ಕೋಪದಿಂದಲ್ಲ. ಕೋಪ ಒಂದೇ ವಾರದಲ್ಲಿ ಇಳಿದುಹೋಗಿತ್ತು. ಆಮೇಲೆ ಉಳಿದದ್ದು ಬರೀ ಮುಜುಗರ, ಅದು ಮಾತ್ರ ಇಳಿಯಲಿಲ್ಲ.

ಹದಿನಾರು ಮುಗಿಯುವ ಹೊತ್ತಿಗೆ ಹತ್ತು ಗಂಟೆ ದಾಟಿತ್ತು. ಮುಖ್ಯಬೀದಿಯ ದೀಪದ ಕಂಬದ ಹತ್ತಿರ ಗಾಂಚೊ ಸಿಕ್ಕಿದ. ಒಪೆರಾ ಮೇಳದಲ್ಲಿ ಟ್ರೊಂಬೋನ್ ಊದಿ ನಿವೃತ್ತನಾದವನು, ಶಾಲೆಯಲ್ಲಿ ಜೊತೆಗಿದ್ದವನು. ಈಗಲೂ ಬಾಯಿ ತೆರೆದರೆ ಉಸಿರಿಗೆ ಬರವಿಲ್ಲ.

"ಏನೋ ರಂಗೆಲ್, ನಗರಪಾಲಿಕೆ ನಿನಗೆ ಬಕೆಟ್ಟು ಕೊಟ್ಟಿದೆಯಾ? ಪಿಂಚಣಿ ಸಾಲ್ತಿಲ್ವಾ?"

"ಬಿಡೋ, ಅರ್ಜೆಂಟಿದೆ."

"ಅರ್ಜೆಂಟು. ಈ ಊರಲ್ಲಿ ಅರ್ಜೆಂಟು ಅಂತ ಹೇಳೋನು ನೀನೊಬ್ನೇ. ಬಾ, ಕೂತ್ಕೊ, ಒಂದು ಕಾಫಿ. ನನ್ನ ಮೊಣಕಾಲಿನ ಕಥೆ ಹೇಳ್ತೀನಿ."

"ಗಾಂಚೊ, ದಮ್ಮಯ್ಯ. ಇನ್ನೂ ಹದಿನಾರಿವೆ."

"ಏನು ಹದಿನಾರು?"

ಹೇಳಬೇಕಾಯಿತು. ಹೇಳಿದ್ದೇ ತಪ್ಪಾಯಿತು. ಗಾಂಚೊ ಮೊದಲು ಬಾಯಿ ಮುಚ್ಚಿಕೊಂಡ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅಡ್ಡಾಡುವವರು ನಿಂತು ನೋಡಿದರು. "ಬದುಕಿರೋಳನ್ನ ಹೂತುಬಿಟ್ಯಲ್ಲೋ. ರಸಮಟ್ಟ ಇಟ್ಟು ಹೂತಿದ್ದೀಯ," ಎಂದು ಕಣ್ಣೊರೆಸಿಕೊಂಡ. ಆಮೇಲೆ, ನಗು ಇಳಿದ ಮೇಲೆ, ಸುಮ್ಮನೆ ಕೇಳುವವನ ಹಾಗೆ ಕೇಳಿದ: "ಅಲ್ಲ ಕಣೋ, ನಿನಗೆ ಅವಳ ಮುಖ ಗೊತ್ತಿರ್ಲಿಲ್ವಾ?" ರಂಗೆಲ್ ಕಂಬಕ್ಕೆ ನೀರು ಹೊಡೆದ. ಅಷ್ಟು ಸಾಲದೆಂಬಂತೆ ಎತ್ತಿ ಹಿಡಿದ ಹಳದಿ ಕೊಡೆಯ ಹಿಂದೆ ಇಪ್ಪತ್ತು ಜನ ಪ್ರವಾಸಿಗಳು ಬಂದು ಅರ್ಧವೃತ್ತದಲ್ಲಿ ನಿಂತರು. ಕೊಡೆಯವಳು ಅವನ ಕಡೆ ಕೈ ತೋರಿಸುತ್ತ ಏನೋ ವಿವರಿಸಿದಳು, ಎಲ್ಲರೂ ಗಂಭೀರವಾಗಿ ತಲೆಯಾಡಿಸಿ ಫೋಟೋ ತೆಗೆದುಕೊಂಡರು. ಅವರೆಲ್ಲ ಹೋದ ಮೇಲೆ ಕೈಚೀಲ ಹಿಡಿದ ಒಬ್ಬ ಮುದುಕಿ ಹತ್ತಿರ ಬಂದು, ಅವನ ಕಾಲ ಬಳಿ ನೆಲಕ್ಕೆ ಉಗಿದು, "ಸತ್ತವರನ್ನೂ ಬಿಡಲ್ವಲ್ಲ ನೀವು," ಎಂದು ಹೋದಳು. ಅವಳ ಹಿಂದೆ ಓಡಿ, ಇಲ್ಲಮ್ಮ, ಇವರು ಸತ್ತಿಲ್ಲ, ಅದಕ್ಕೇ ಕೀಳುತ್ತಿದ್ದೇನೆ ಎಂದು ಹೇಳೋಣವೆನ್ನಿಸಿತು. ಹೇಳಿದರೆ ಹುಚ್ಚನೆಂದುಕೊಳ್ಳುತ್ತಾಳೆ. ಸುಡುಗಾಡು ಅಂಟು, ಸುಡುಗಾಡು ಊರು, ದೋನ್ಕಾಳ ಸುಡುಗಾಡು ಕನ್ನಡಕ ಎಂದು ಗೊಣಗಿಕೊಂಡು ಮುಂದಿನ ಗೋಡೆಗೆ ಹೋದ.

ಹತ್ತೂವರೆಗೆ, ಹಳೆಯ ಮಸೀದಿಯ ಮುಂದಿನ ಚೌಕದಲ್ಲಿ ಇಪ್ಪತ್ತೈದನೆಯದನ್ನು ಚೀಲಕ್ಕೆ ತುರುಕಿಕೊಂಡು ತಲೆಯೆತ್ತಿದರೆ ದೂರದಲ್ಲಿ ಆ ಕಾಲರ್ ಕಂಡಿತು. ಬಿಸಿಲಿನಲ್ಲೂ ಆ ಕೋಟು ತೊಟ್ಟು, ಕೋಲೂರಿಕೊಂಡು, ತಿನ್ಕಾ ಬರುತ್ತಿದ್ದಳು. ಇನ್ನೊಂದು ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಬೇಯಿಸಿದ ಗೋಧಿ ಇರಬೇಕು, ಪ್ರಾರ್ಥನೆಯ ನಂತರ ಹಂಚುವುದಕ್ಕೆ. ರಂಗೆಲ್ ಚೀಲವನ್ನು ಬೆನ್ನ ಹಿಂದೆ ಸರಿಸಿದ. ಅವಳು ಅಡ್ಡಾಡುವವರಿಗಿಂತಲೂ ನಿಧಾನವಾಗಿ ನಡೆಯುತ್ತಿದ್ದಳು, ಮತ್ತೆ ಮತ್ತೆ ನಿಲ್ಲುತ್ತಿದ್ದಳು. ಗೋಡೆಗಳ ಹತ್ತಿರ ನಿಲ್ಲುತ್ತಾಳೆ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಒಂದು ಗೋಡೆ ನೋಡುತ್ತಾಳೆ, ಮುಂದೆ ಬರುತ್ತಾಳೆ, ಒಂದು ಕಂಬದ ಸುತ್ತ ಬಂದು ನೋಡುತ್ತಾಳೆ. ಸದ್ಯ, ಅವೆಲ್ಲ ಮುಗಿದಿದ್ದವು. ಇನ್ನು ಏಳು. ಅವನು ಬಕೆಟ್ಟಿನ ನೀರನ್ನು ಚರಂಡಿಗೆ ಚೆಲ್ಲಿ ಹಗುರ ಮಾಡಿಕೊಂಡು ಓಡಿದ, ಅರವತ್ತೆಂಟನೆಯ ವಯಸ್ಸಿನಲ್ಲಿ, ಕೋಟಿನ ಗುಂಡಿ ಬಿಚ್ಚಿಕೊಂಡು. ಔಷಧಿ ಅಂಗಡಿಯ ಗೋಡೆಯದನ್ನು ಉಗುರಿನಲ್ಲಿ ಕೆರೆದ. ಪುಸ್ತಕದಂಗಡಿಯ ಮೂಲೆಯದನ್ನು ಕೆರೆಯುವಾಗ ಪಟ್ಟಿ ಜಾರಿ ಹೆಬ್ಬೆರಳು ಕೊಯ್ದುಕೊಂಡಿತು. ಹಿಂತಿರುಗಿ ನೋಡಿದರೆ ಅವಳು ಅಷ್ಟೇ ದೂರದಲ್ಲಿ, ಮತ್ತೊಂದು ಬರಿಗೋಡೆಯ ಮುಂದೆ ಕತ್ತೆತ್ತಿ ನಿಂತಿದ್ದಳು. ಚರ್ಚಿನ ಮೆಟ್ಟಿಲ ಕೆಳಗಿನ ಫಲಕದ ಮೇಲಿದ್ದ ಮೂವತ್ತೆರಡನೆಯದು, ಪುಣ್ಯಕ್ಕೆ, ಒಳ್ಳೆಯ ಮರದ ಮೇಲಿತ್ತು, ಇಡಿಯಾಗಿ ಸುಲಿದುಕೊಂಡು ಬಂತು. ಅದನ್ನು ಸುರುಳಿ ಸುತ್ತಿ ಚೀಲಕ್ಕಿಳಿಸಿ ಗಡಿಯಾರ ನೋಡಿದ. ಹನ್ನೊಂದಕ್ಕೆ ಆರು ನಿಮಿಷ. ತಿನ್ಕಾ ಒಂದನ್ನೂ ನೋಡಿಲ್ಲ, ಯಾರೂ ಸತ್ತಿಲ್ಲ. ಹೊಸ ಹಾಳೆ ಸೋಮವಾರ ಮಾಡಿಸಿದರಾಯಿತು. ಅವನಿಗೆ ಸಮಾಧಾನವೇ ಆಯಿತು, ಬೆರಳನ್ನು ಬಾಯಲ್ಲಿಟ್ಟುಕೊಂಡು ಮೆಟ್ಟಿಲಿನ ಮೇಲೆ ಕುಳಿತ.

ದೋನ್ಕಾ ಆಗಲೇ ಒಳ್ಳೆಯ ಶಾಲು ಹೊದ್ದು ಬಂದಿದ್ದಳು. ಎರಡನೆಯ ಮಹಡಿಯ ಗಂಡ ಹೆಂಡತಿ ಬಂದರು. ಅಷ್ಟೇ. ತಿನ್ಕಾ ಬಂದಾಗ ಅವಳ ಮುಖ ಕೆಂಪಾಗಿತ್ತು. ಬುಟ್ಟಿಯನ್ನು ಕೆಳಗಿಟ್ಟಳು, ಆದರೆ ಕೂರಲಿಲ್ಲ.

"ಒಂದೂ ಇಲ್ಲ ರಂಗೆಲ್," ಎಂದಳು. "ಬಸ್ ಇಳಿದಲ್ಲಿಂದ ನೋಡ್ಕೊಂಡು ಬಂದೆ. ಒಂದೇ ಒಂದೂ ಇಲ್ಲ. ಹಚ್ಚಿದ್ದೀನಿ ಅಂತ ಫೋನ್‌ನಲ್ಲಿ ಹೇಳಿದ್ರಿ."

"ಹಚ್ಚಿದ್ದೆ."

"ಹಚ್ಚಿದ ಗುರುತಿದೆ. ಒದ್ದೆ ಗುರುತಿದೆ, ಮೂಲೆ ಚೂರಿದೆ. ಯಾರೋ ಕಿತ್ತಿದ್ದಾರೆ. ಬೇರೆಯವರದೆಲ್ಲ ಹಾಗೇ ಇದೆ, ನನ್ನ ತಂಗೀದು ಮಾತ್ರ ಹುಡುಕಿ ಹುಡುಕಿ ಕಿತ್ತಿದ್ದಾರೆ." ಅವಳ ದನಿ ಒಡೆಯಿತು. "ಗುಂಡಿ ಮಾರ್ಕೊಂಡಿದ್ದೋಳು ಯಾರಿಗೆ ಏನು ಮಾಡಿದ್ಲು?"

ಎರಡನೆಯ ಮಹಡಿಯವರು ರಂಗೆಲನ ಕಡೆ ನೋಡಿದರು. ಅರ್ಜಿಯ ವಿಷಯ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನ ಒದ್ದೆ ಪ್ಯಾಂಟು, ಬಕೆಟ್ಟು, ರಕ್ತ ಸುರಿಯುತ್ತಿದ್ದ ಬೆರಳು ಎಲ್ಲರಿಗೂ ಕಾಣುತ್ತಿದ್ದವು. ಸುಳ್ಳು ಹೇಳಲು ಒಂದು ಕ್ಷಣವಿತ್ತು, ಆ ಕ್ಷಣವನ್ನು ಅವನು ಚೆನ್ನಾಗಿಯೇ ನೋಡಿದ. ಪುಂಡ ಹುಡುಗರು ಎನ್ನಬಹುದಿತ್ತು. ನಗರಪಾಲಿಕೆ ಎನ್ನಬಹುದಿತ್ತು.

"ನಾನೇ ಕಿತ್ತಿದ್ದು," ಎಂದ. "ಬೆಳಿಗ್ಗೆಯಿಂದ. ಫೋಟೋ ತಪ್ಪಾಗಿತ್ತು, ತಿನ್ಕಾ. ಅದರಲ್ಲಿ ನೀವಿದ್ರಿ. ನೀವು ನೋಡಬಾರದು ಅಂತ."

"ನಾನಾ? ನಾನು ಎಲ್ಲಿದ್ದೆ? ತೋರಿಸಿ."

ಮೂವತ್ತೆರಡನೆಯದನ್ನು ಬಿಚ್ಚಿ ಹಿಡಿದ. ತಿನ್ಕಾ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡಳು. ತೋಳಿನಿಂದ ಅಂಟಿನ ತೇವ ಒರೆಸಿದಳು. ಕಣ್ಣಿನ ಹತ್ತಿರಕ್ಕೆ ತಂದು ನೋಡಿದಳು.

"ಇದು ಸೆವ್ದಾ," ಎಂದಳು. "ನಾನೇ ತೆಗೆಸಿದ್ದು, ಅವಳು ನಿವೃತ್ತಿಯಾದ ದಿನ. ಒಳ್ಳೆ ಕೋಟಿಲ್ಲ ಅಂತ ಫೋಟೋ ಬೇಡ ಅಂದ್ಲು. ನನ್ನದು ಬಿಚ್ಚಿ ಹಾಕ್ದೆ."

"ನಾನು ಕೋಟು ನೋಡಿ ಹೇಳಿದ್ದು," ಎಂದಳು ದೋನ್ಕಾ ತಡವರಿಸುತ್ತ. "ಕೀಳಿ ಅಂತ ನಾನೇನು ಹೇಳ್ಲಿಲ್ಲ. ಕೋಟು ಮಾತ್ರ ಗೊತ್ತಿತ್ತು ನನಗೆ." ಯಾರೂ ಅವಳ ಕಡೆ ತಿರುಗಲಿಲ್ಲ.

ಒಳಗಿನಿಂದ ಗಂಟೆ ಬಾರಿಸಿತು. ಪಾದ್ರಿಗೆ ಆಮೇಲೆ ಒಂದು ಮದುವೆ ಮಾಡಿಸುವುದಿತ್ತು, ಅವಸರವಿತ್ತು. ಐದು ಜನ ಐದು ಮೇಣದ ಬತ್ತಿ ಹಿಡಿದು ನಿಂತರು. ಇಷ್ಟು ಬೇಗ ಮುಗಿಯುವ ಪ್ರಾರ್ಥನೆಗೆ ಇನ್ನೂ ಎಷ್ಟೋ ಜನ ಬರಬಹುದಿತ್ತು. ಗುಂಡಿ ಕೊಂಡವರು, ಅವರ ಮಕ್ಕಳು, ಆ ಹಚ್ಚೆಯವಳು. ಮುಖ್ಯಬೀದಿಯಲ್ಲಿ ಅಡ್ಡಾಡುತ್ತಿದ್ದ ಅಷ್ಟು ಜನರಲ್ಲಿ ಯಾರಾದರೊಬ್ಬರು ಇವತ್ತು ಗೋಡೆಯ ಮೇಲೆ ನೋಡಿ, ಅಯ್ಯೋ ಇವಳಾ, ಎಂದು ಎರಡು ಹೆಜ್ಜೆ ಈ ಕಡೆ ಬರುತ್ತಿದ್ದರು. ಸೆವ್ದಾ ಈ ನಗರಕ್ಕೆ ಕಾಣಿಸಿಕೊಳ್ಳುವ ಕೊನೆಯ ಬೆಳಿಗ್ಗೆ ಇದಾಗಿತ್ತು. ಗೋಡೆ ಗೋಡೆಯ ಮೇಲೂ ಅವಳಿದ್ದಳು, ಅವಳೇ ಇದ್ದಳು, ನೆಟ್ಟಗೆ, ಮಟ್ಟವಾಗಿ. ಅವನು ಸರಿಯಾದ ಫೋಟೋವನ್ನೇ ಆರಿಸಿದ್ದ. ಅವಳ ಮುಖ ತನಗೆ ಗೊತ್ತಿಲ್ಲವೆಂಬ ಒಂದೇ ಕಾರಣಕ್ಕೆ ಆ ಮುಖವನ್ನು ಊರಿನಿಂದಲೇ ಕೆರೆದು ಹಾಕಿದ್ದ. ಬತ್ತಿಯ ಮೇಣ ಕೊಯ್ದ ಬೆರಳಿನ ಮೇಲೆ ತೊಟ್ಟಿಕ್ಕಿತು. ಕೈ ಹಿಂದಕ್ಕೆ ತೆಗೆಯಬೇಕೆನ್ನಿಸಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ತಿನ್ಕಾ ಮೆಟ್ಟಿಲ ಮೇಲೆ ಕುಳಿತು ಕಾಗದದ ಲೋಟಗಳಲ್ಲಿ ಗೋಧಿ ಹಂಚಿದಳು. ಮೇಲೆ ಸಕ್ಕರೆ ಪುಡಿ, ಆಕ್ರೋಟು. ಎಲ್ಲರೂ ವಾಡಿಕೆಯಂತೆ, ಸತ್ತವಳನ್ನು ದೇವರು ಕ್ಷಮಿಸಲಿ ಎಂದು ತೆಗೆದುಕೊಂಡು ಹೋದರು. ಐವತ್ತು ಜನಕ್ಕೆ ಬೇಯಿಸಿ ತಂದಿದ್ದಳು, ಬುಟ್ಟಿ ಹಾಗೇ ತುಂಬಿತ್ತು. ರಂಗೆಲ್ ಕೊನೆಗೆ ಉಳಿದ. ತನಗೂ ಕೊಡುತ್ತಾಳೆಂದು ಅವನು ಅಂದುಕೊಂಡಿರಲಿಲ್ಲ, ಕೊಟ್ಟಳು. ಒಂದು ಮೆಟ್ಟಿಲು ಕೆಳಗೆ ಕುಳಿತ. ಅವಳ ತೊಡೆಯ ಮೇಲೆ ಆ ಹಾಳೆ ಬಿಸಿಲಿಗೆ ಒಣಗಿ ಮುದುರುತ್ತಿತ್ತು.

"ಬೈಯಿರಿ," ಎಂದ.

"ಬೈದು ಏನು ಮಾಡ್ಲಿ." ಅವಳು ಹಾಳೆಯ ಮೂಲೆಯನ್ನು ನೇವರಿಸಿದಳು. ಆಮೇಲೆ ಕೇಳಿದಳು, ಇಷ್ಟು ಹೊತ್ತಿನ ಬಹುವಚನ ಬಿಟ್ಟು: "ಮೂವತ್ತೊಂದು ವರ್ಷ, ರಂಗೆಲ್. ನೀನು ಅವಳದ್ದು ಏನೂ ನೋಡ್ಲೇ ಇಲ್ವಾ? ಏನು ಗೊತ್ತಿತ್ತು ನಿನಗೆ ಅವಳ ಬಗ್ಗೆ? ಏನಾದ್ರೂ ಹೇಳು. ನನಗೆ ಯಾರಾದ್ರೂ ಅವಳ ಬಗ್ಗೆ ಮಾತಾಡ್ಬೇಕು ಇವತ್ತು."

ಅವನು ಯೋಚಿಸಿದ. ಯಾವ ನೆಪವೂ ಇಲ್ಲದೆ, ಪ್ರಾಮಾಣಿಕವಾಗಿ ಯೋಚಿಸಿದ.

"ಅವರ ಹೆಜ್ಜೆ ಗೊತ್ತಿತ್ತು," ಎಂದ. "ನೋಡದೇನೇ ಹೇಳ್ತಿದ್ದೆ ಇವರೇ ಅಂತ. ಎಡಗಾಲು ಊರೋಕೆ ಮುಂಚೆ ಒಂಚೂರು ತಡೀತಿದ್ರು. ಮೊದಲನೇ ಮಹಡೀಲಿ ನಿಂತು ಚೀಲ ಕೈ ಬದಲಾಯಿಸೋರು. ಎರಡನೇದರಲ್ಲಿ ಕೆಮ್ಮೋರು. ಆಮೇಲೆ ಬೀಗದ ಕೈ ಸದ್ದು." ಹೇಳುತ್ತ ಹೋದಂತೆ ಮಾತು ತಾನಾಗಿ ಬರುತ್ತಿತ್ತು, ಇಷ್ಟು ಗೊತ್ತಿದೆಯೆಂದು ಅವನಿಗೇ ಆಶ್ಚರ್ಯ. "ಚೀಲ ಒಳಗಿಟ್ಟು ಮತ್ತೆ ಬರೋರು. ಕೊನೆಯ ಒಂದು ವರ್ಷದಲ್ಲಿ. ವಾರಕ್ಕೆ ಒಂದೆರಡು ಸಲ, ಸಾಯಂಕಾಲ. ಮೇಲಿನವರೆಗೂ ಬಂದು ನನ್ನ ಬಾಗಿಲ ಹತ್ರ ನಿಲ್ಲೋರು. ಒಂದು ನಿಮ್ಷ, ಎರಡು ನಿಮ್ಷ. ಉಸಿರಾಡೋದು ಕೇಳಿಸ್ತಿತ್ತು. ಆಮೇಲೆ ಇಳಿದು ಹೋಗೋರು."

ತಿನ್ಕಾ ಕತ್ತು ತಿರುಗಿಸಿದಳು.

"ನಿನ್ನ ಬಾಗಿಲ ಹತ್ರ?"

"ಹ್ಞೂಂ."

"ಅವಳ ಮಂಡಿ ಹೋಗಿತ್ತು, ರಂಗೆಲ್. ಒಂದೊಂದು ಮೆಟ್ಟಿಲಿಗೂ ಅಳೋಳು. ನನ್ನ ಮನೆಗೆ ಬರೋದನ್ನೇ ನಿಲ್ಲಿಸಿಬಿಟ್ಟಿದ್ಲು." ಅವಳು ಅವನನ್ನೇ ನೋಡುತ್ತಿದ್ದಳು. "ಮೇಲೆ ಯಾಕೆ ಬರ್ತಿದ್ಲು?"

ರಂಗೆಲನ ಕೈಯಲ್ಲಿ ಗೋಧಿಯ ಲೋಟ ಹಾಗೇ ಇತ್ತು. ಕೆಳಗೆ ಬೀದಿಯಲ್ಲಿ ಜನ ಆ ತುದಿಗೆ ಹೋಗಿ ಈ ತುದಿಗೆ ಬರುತ್ತಿದ್ದರು.

"ಗೊತ್ತಿಲ್ಲ," ಎಂದ. "ನಾನು ಒಳಗಡೆ ಬಾಗಿಲಿಗೆ ಕೈಯಿಟ್ಟು, ಉಸಿರು ಬಿಗಿಹಿಡಿದು ನಿಂತಿರ್ತಿದ್ದೆ. ತೆಗೀಲಿಲ್ಲ."